ಹತ್ತರಲ್ಲಿ ಆರು ಪಾಲು

ಬೆಳಿಗ್ಗೆ ಏಳೂವರೆಗೆ, ಬಾಯಿಯಲ್ಲಿ ಅರ್ಧ ಜಗಿದ ತುಂಡೊಂದನ್ನು ದವಡೆಗೆ ಒತ್ತಿಕೊಂಡೇ, ಇಲಿಯಪ್ಪ ಎಂಟನೆಯ ಪಂಜರದ ಚೀಟಿಯ ಮೇಲೆ ‘ಉಳಿದದ್ದು ಎರಡು ಗ್ರಾಂ’ ಎಂದು ಬರೆದ. ಬರೆದದ್ದು ಸುಳ್ಳಲ್ಲ. ತಕ್ಕಡಿಯ ಮೇಲೆ ಇದ್ದದ್ದು ಎರಡೇ ಗ್ರಾಂ. ಎರಡು ನಿಮಿಷದ ಹಿಂದೆ ಏಳು ಗ್ರಾಂ ಇತ್ತು ಎಂದು ಬರೆಯುವುದಕ್ಕೆ ಆ ಚೀಟಿಯಲ್ಲಿ ಜಾಗವಿರಲಿಲ್ಲ. ಅವನು ಈ ಕೆಲಸಕ್ಕೆ ಸೇರಿದ ಮೂವತ್ತೊಂದು ವರ್ಷಗಳಲ್ಲಿ ಅಂಥದೊಂದು ಕಾಲಂ ಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಐದು ಗ್ರಾಮಿನ ಆ ತುಂಡು, ಕಿರುಬೆರಳಿನ ತುದಿಯಷ್ಟು ಗಾತ್ರದ್ದು, ಒಣಹುಲ್ಲಿಗೂ ಹಳೆಯ ಬಿಸ್ಕತ್ತಿಗೂ ನಡುವಿನ ರುಚಿಯದು, ನಾಲಿಗೆಗೆ ಅಂಟಿಕೊಂಡು ಮೆಲ್ಲಗೆ ಕರಗತೊಡಗಿತು. ಮೊದಮೊದಲು ಉಸಿರು ಬಿಗಿಹಿಡಿದು ನುಂಗುತ್ತಿದ್ದ. ಈಗ ಚಹಾ ಇಲ್ಲದಿದ್ದರೂ ನಡೆಯುತ್ತದೆ. ಎಂಟನೆಯ ಪಂಜರದ ಇಲಿ, ಬೊಜ್ಜು ಬಂದು ಕುತ್ತಿಗೆಯೇ ಮಾಯವಾದ ಮುದುಕ, ತನ್ನ ತಟ್ಟೆಯಿಂದ ಎತ್ತಿದ್ದನ್ನು ಈ ದೊಡ್ಡ ಪ್ರಾಣಿ ತಿನ್ನುವುದನ್ನು ಯಾವ ತಕರಾರೂ ಇಲ್ಲದೆ ನೋಡುತ್ತ ಕೂತಿತ್ತು. ಎಂಟು ತಿಂಗಳಾದರೂ ಆ ನೋಟವನ್ನು ಎದುರಿಸುವುದು ಇಲಿಯಪ್ಪನಿಗೆ ಅಭ್ಯಾಸವಾಗಿರಲಿಲ್ಲ. ಬೆನ್ನು ತಿರುಗಿಸಿ ಜಗಿದ.

ಬೆನ್ನು ತಿರುಗಿಸಿದರೆ ಇನ್ನೂ ದೊಡ್ಡ ಪೇಚು, ಯಾಕೆಂದರೆ ಆಗ ಎದುರಾಗುವುದು ಬಲಗೋಡೆ. ಎಡಗೋಡೆಯ ಹನ್ನೆರಡು ಪಂಜರಗಳಲ್ಲಿರುವವು ತುಂಬುಹೊಟ್ಟೆಯವು; ಅವಕ್ಕೆ ಸಂಜೆ ತಲಾ ಇಪ್ಪತ್ತೈದು ಗ್ರಾಂ ತಿನಿಸು ಹಾಕಿ ಬೇಕಾದಷ್ಟು ತಿನ್ನಲು ಬಿಡುವುದು, ಬೆಳಿಗ್ಗೆ ಉಳಿದದ್ದನ್ನು ತೂಗಿ, ಬರೆದು, ಬುಟ್ಟಿಗೆ ಎಸೆಯುವುದು. ಬಲಗೋಡೆಯ ಹನ್ನೆರಡು ಅರೆಹೊಟ್ಟೆಯವು; ಎಡಗೋಡೆಯವು ನಿನ್ನೆ ಎಷ್ಟು ತಿಂದವೋ ಅದರಲ್ಲಿ ಹತ್ತಕ್ಕೆ ಆರು ಪಾಲು ಮಾತ್ರ ಇವಕ್ಕೆ. ಎಲ್ಲವೂ ಎರಡು ವರ್ಷ ದಾಟಿದವು, ಅಂದರೆ ಇಲಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಅವನ ಓರಗೆಯವೇ. ಕಡಿಮೆ ತಿಂದರೆ ಮುದಿ ಪ್ರಾಣಿಗೆ ನೆನಪು ಗಟ್ಟಿಯಾಗಿ ಉಳಿಯುತ್ತದೆಯೇ, ಅದರ ನಡವಳಿಕೆ ಬದಲಾಗುತ್ತದೆಯೇ ಎನ್ನುವುದು ಪುಟ್ಟ ಡಾಕ್ಟರಳ ಮೂರು ವರ್ಷದ ಪ್ರಶ್ನೆ; ಇಲಿಗಳಿಗೆ ಹೀಗೆ ಪಾಲು ಹಾಕತೊಡಗಿ ಇದು ಒಂಬತ್ತನೆಯ ತಿಂಗಳು. ಅವಳು ಇನ್ನೂ ಡಾಕ್ಟರ್ ಆಗಿಲ್ಲ, ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಆಗುವವಳು. ಅದಕ್ಕೇ ಇಲ್ಲಿ ಎಲ್ಲರೂ ಅವಳನ್ನು ಪುಟ್ಟ ಡಾಕ್ಟರ್ ಎಂದೂ, ಅವಳ ಪ್ರೊಫೆಸರ್ ಮೇಡಂ ಅವರನ್ನು ದೊಡ್ಡ ಡಾಕ್ಟರು ಎಂದೂ, ಪಂಜರ ತೊಳೆದು ತಿನಿಸು ತೂಗುವ ಇವನನ್ನು ಇಲಿಯಪ್ಪ ಎಂದೂ ಕರೆಯುತ್ತಿದ್ದರು. ಸರಿಯಾಗಿ ನಡೆದಿದ್ದರೆ ಈ ಹೊತ್ತಿಗೆ ಅವನ ಬೀಗದ ಕೈ ಸದ್ದಾದ ಕೂಡಲೇ ಬಲಗೋಡೆಯವು ಸರಳಿಗೆ ಜೋತುಬಿದ್ದು ಕುಣಿಯಬೇಕಿತ್ತು. ಅವು ಭರ್ಜರಿ ಊಟ ಮುಗಿಸಿದ ನೆಂಟರ ಹಾಗೆ ಕಾಲು ಚಾಚಿ ಮಲಗಿದ್ದವು. ಒಂದು ಆಕಳಿಸಿತು.

ಯಾಕೆಂದು ಅವನಿಗೆ ಗೊತ್ತಿತ್ತು, ಇಡೀ ಕಟ್ಟಡದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎಡಗೋಡೆಯ ತಟ್ಟೆಗಳಿಂದ ಅವನು ಎತ್ತಿ ಬಾಯಿಗೆ ಹಾಕಿಕೊಂಡ ಒಂದೊಂದು ತುಂಡೂ, ಚೀಟಿಯಲ್ಲಿ ಆ ಇಲಿಗಳೇ ತಿಂದ ಹಾಗೆ ಕಾಣುತ್ತದೆ. ಅವು ಹೆಚ್ಚು ತಿಂದ ಹಾಗೆ ಕಂಡರೆ ಬಲಗೋಡೆಯವುಗಳ ಪಾಲೂ ಏರುತ್ತದೆ. ಹೀಗೆ ಆರು ಪಾಲು ತಿನ್ನಬೇಕಾದವು ಎಂಟಕ್ಕೆ ಹತ್ತಿರ ತಿಂದುಕೊಂಡು ಹಾಯಾಗಿವೆ. ಮೊದಲ ಮೂರು ವಾರ, ಹೇಗಿದ್ದರೂ ಬುಟ್ಟಿಗೆ ಹೋಗುವುದು, ಬುಟ್ಟಿಯ ಬದಲು ನನ್ನ ಹೊಟ್ಟೆಗೆ ಹೋದರೆ ಯಾರ ಗಂಟೇನು ಹೋದೀತು ಎಂದುಕೊಂಡಿದ್ದ. ನಾಲ್ಕನೆಯ ವಾರ ಕೈ ತೊಳೆಯುತ್ತಿರುವಾಗ ಇದ್ದಕ್ಕಿದ್ದಂತೆ ಇದು ಅರ್ಥವಾಯಿತು. ಕೈಯ ಸೋಪನ್ನು ತೊಳೆಯದೆ ಹಾಗೇ ನಿಂತುಬಿಟ್ಟ. ನಾಳೆಯಿಂದ ಇಲ್ಲ ಎಂದು ಅಲ್ಲೇ ಆಣೆ ಮಾಡಿದ. ನಾಳೆ ಬಂತು, ತಟ್ಟೆಯಲ್ಲಿ ಏಳು ಗ್ರಾಂ ಇತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಹಾಗೆ ಇನ್ನೂರಕ್ಕೂ ಹೆಚ್ಚು ಆಣೆಗಳಾಗಿದ್ದವು.

ಪುಟ್ಟ ಡಾಕ್ಟರ್ ಬಂದಾಗ ಅವನು ಹನ್ನೊಂದನೆಯ ಪಂಜರದಲ್ಲಿದ್ದ, ಅಂದರೆ ಹನ್ನೊಂದನೆಯ ತುಂಡಿನಲ್ಲಿ. ಗಬಕ್ಕನೆ ನುಂಗಿದ, ಅದು ಗಂಟಲಲ್ಲಿ ಅಡ್ಡಡ್ಡ ಇಳಿದು ಕಣ್ಣಲ್ಲಿ ನೀರು ತರಿಸಿತು. ದಿನವೂ ಬಂದ ಕೂಡಲೇ ಪ್ರತಿ ಪಂಜರಕ್ಕೂ ಒಂದೊಂದು ಮಾತಾಡಿಸುವ ಹುಡುಗಿ, ಇವತ್ತು ಮಗುಚಿಟ್ಟ ಬಕೆಟ್ಟಿನ ಮೇಲೆ ಸುಮ್ಮನೆ ಕೂತಳು. ಅವಳ ಕಣ್ಣೂ ಕೆಂಪಾಗಿತ್ತು. ಇಬ್ಬರೂ ಹೀಗೆ ಕಣ್ಣೀರು ತುಂಬಿಕೊಂಡು ಎದುರುಬದುರು ಇರುವುದು ಅವನಿಗೆ ಎಷ್ಟು ವಿಚಿತ್ರವೆನಿಸಿತೆಂದರೆ, ನಗು ಬಂದುಬಿಟ್ಟೀತೆಂದು ಹೆದರಿ ಪೊರಕೆ ತೆಗೆದುಕೊಂಡ. ಅವಳು ಹೇಳಿದ್ದು ಇಷ್ಟು: ನಿನ್ನೆ ದೊಡ್ಡ ಡಾಕ್ಟರು ಎಲ್ಲ ಅಂಕಿಗಳನ್ನೂ ನೋಡಿದರು. ಎರಡೂ ಗೋಡೆಯವುಗಳ ನಡುವೆ ನೆನಪಿನಲ್ಲಿ ವ್ಯತ್ಯಾಸವಿಲ್ಲ, ನಡವಳಿಕೆಯಲ್ಲಿ ಇಲ್ಲ, ಹೋಗಲಿ ತೂಕದಲ್ಲಾದರೂ ಇರಬೇಕಲ್ಲ, ಅದೂ ಇರಬೇಕಾದಷ್ಟಿಲ್ಲ. ಅರೆಹೊಟ್ಟೆ ತಿಂದ ಪ್ರಾಣಿಯ ತೂಕ ಇಳಿಯುತ್ತಿಲ್ಲ ಎಂದರೆ ನಿನ್ನ ಕೈಯಲ್ಲಿ ಏನೋ ಎಡವಟ್ಟಾಗಿದೆ, ಇವತ್ತು ನಾಲ್ಕು ಗಂಟೆಗೆ ಬಾ, ಇದನ್ನು ಮುಚ್ಚಿ ಬೇರೆ ವಿಷಯ ನೋಡೋಣ ಎಂದರಂತೆ. ಬೇರೆ ವಿಷಯ ಎಂದರೆ ಮತ್ತೆ ಮೊದಲಿಂದ. ಅಮ್ಮನಿಗೆ ರಾತ್ರಿಯೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು, ನನ್ನ ಕೈಲಾಗಲ್ಲಮ್ಮ ಅಂತ.

ಇಲಿಯಪ್ಪ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಈಗ ಹೇಳಬೇಕು, ಈಗ ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ ಎಂದು ಅವನ ಒಳಗೊಂದು ದನಿ ಹೇಳುತ್ತಿದ್ದರೆ, ಬಾಯಿ ಮಾತ್ರ ತಕ್ಕಡಿ ಕೆಟ್ಟಿರಬಹುದಲ್ಲವೇ ಎಂದಿತು. ಮೂರು ಬೇರೆ ಬೇರೆ ತೂಕದ ಬಟ್ಟಿಟ್ಟು ನೋಡಿದ್ದೇನೆ ಎಂದಳು. ತಿನಿಸಿನ ಮೂಟೆಯೇ ಕಲಬೆರಕೆಯಿರಬಹುದು ಎಂದಿತು ಬಾಯಿ. ಪರೀಕ್ಷೆಗೆ ಕಳಿಸಿದ್ದೇನೆ, ಚೆನ್ನಾಗಿಯೇ ಇದೆ ಎಂದಳು. ಚೆನ್ನಾಗಿಲ್ಲ, ಉಪ್ಪು ಕಡಿಮೆ ಎಂದು ಇನ್ನೇನು ಬಾಯಿ ಜಾರಲಿತ್ತು, ನಾಲಿಗೆ ಕಚ್ಚಿಕೊಂಡ. ಹೇಳುವುದಕ್ಕೆ ಅಡ್ಡ ಬಂದದ್ದು ದೊಡ್ಡ ಡಾಕ್ಟರ ಹೆದರಿಕೆಯಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿರುವವನನ್ನು ಯಾರೇನು ಮಾಡಿಯಾರು. ಇಲ್ಲಿ ಹೇಳಿದ್ದು ಮನೆಗೆ ತಲುಪುತ್ತದೆ, ಹೆಂಡತಿಗೆ ಗೊತ್ತಾಗುತ್ತದೆ. ಅದನ್ನು ನೆನೆದರೇ ಕೈಯ ಪೊರಕೆ ತಾನಾಗಿ ಜೋರಾಗುತ್ತಿತ್ತು.

ಏಕೆಂದರೆ ಎಲ್ಲ ಶುರುವಾದದ್ದು ಅವನು ಹೆಂಡತಿಯನ್ನು ಮರೆತು ಬಂದ ದಿನ. ಬಟ್ಟೆ ಅಂಗಡಿಗೆ ಇಬ್ಬರೂ ಹೋಗಿದ್ದರು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುವವಳು, ಅಸ್ತರಿನ ಬಟ್ಟೆ ಬೇಕಿತ್ತು. ಒಳಗೆ ಸೆಖೆ, ನಾನು ಹೊರಗೆ ನಿಂತಿರುತ್ತೇನೆ ಎಂದು ಹೇಳಿ ಹೊರಗೆ ನಿಂತ. ಬಸ್ಸು ಬಂತು. ಹತ್ತಿದ. ಕಿಟಕಿ ಪಕ್ಕ ಜಾಗ ಸಿಕ್ಕಿತೆಂದು ಖುಷಿಪಟ್ಟದ್ದೂ ನೆನಪಿದೆ. ಮನೆಗೆ ಬಂದು ಚಹಾ ಮಾಡಿ, ಎರಡು ಲೋಟಕ್ಕೆ ಬಗ್ಗಿಸಿ, ಇವಳು ಇಷ್ಟು ಹೊತ್ತು ಎಲ್ಲಿ ಹೋದಳಪ್ಪ ಎಂದು ಬಾಗಿಲ ಕಡೆ ನೋಡುತ್ತ ಕೂತಿದ್ದ. ಒಂದೂವರೆ ಗಂಟೆಯ ನಂತರ ಅವಳು ಬಂದಳು. ಬಯ್ಯಲಿಲ್ಲ, ಅದೇ ಬಂದ ತೊಂದರೆ. ಆರಿದ ಚಹಾ ಕುಡಿದು, ಬಟ್ಟೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ‘ಇವತ್ತು ಅಂಗಡಿ ಮುಂದೆ ಮರೆತ್ರಿ. ನಾಳೆ ನಾನು ಮನೇಲಿರುವಾಗಲೇ ಮರೀತೀರಿ’ ಎಂದಳು. ಅದಕ್ಕೆ ಅವನು ನಕ್ಕು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಮಾಧಾನ ಮಾಡಲು ಹೋಗಿ, ನಮ್ಮ ಪುಟ್ಟ ಡಾಕ್ಟರ್ ಇದನ್ನೇ ಹುಡುಕುತ್ತಿದ್ದಾಳೆ, ಕಡಿಮೆ ತಿನ್ನುವ ಮುದಿ ಇಲಿಗೆ ಎಲ್ಲ ನೆನಪಿರುತ್ತದಂತೆ ಎಂದು ತಾನೇ ಏನೋ ಕಂಡುಹಿಡಿದವನ ಹಾಗೆ ವಿವರಿಸಿದ್ದ. ಮಾರನೆಯ ದಿನ ಅಡುಗೆಮನೆಯ ಕಟ್ಟೆಯ ಮೇಲೆ ತಕ್ಕಡಿ ಬಂದು ಕೂತಿತ್ತು.

ಅಳತೆಯಲ್ಲಿ ಅವಳನ್ನು ಮೀರಿಸುವವರಿಲ್ಲ, ಅದು ಅವಳ ಕಸುಬು. ಬ್ರೆಡ್ಡಿನ ಹೋಳನ್ನು ತೂಗುವಳು, ಮೂಲೆ ಕತ್ತರಿಸುವಳು, ಮತ್ತೆ ತೂಗುವಳು. ಬೇಯಿಸಿದ ಕಾಳನ್ನು ಚಮಚದಿಂದ ಹಾಕುವಳು, ಒಂದು ಕಾಳು ಹೆಚ್ಚಾದರೆ ಬೆರಳಿಂದ ಎತ್ತಿ ಪಾತ್ರೆಗೆ ಹಾಕುವಳು. ಆ ಒಂದು ಕಾಳು ವಾಪಸು ಹೋಗುವುದನ್ನು ನೋಡುವಾಗ ಅವನಿಗೆ ಆಗುತ್ತಿದ್ದ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು. ಅವನ ಪಾಲು ಮುಗಿಯುವವರೆಗೆ ಎದುರಿಗೆ ಕೂತು ಕಾಯುವಳು. ತಾನು ಆಮೇಲೆ, ಅಡುಗೆಮನೆಯಲ್ಲೇ, ನಿಂತೇ ತಿಂದು ಮುಗಿಸಿ ಮೆಷಿನ್ನಿಗೆ ಹೋಗುವಳು. ಪ್ರತಿ ಭಾನುವಾರ ಟೇಪು ತಂದು ಅವನ ಸೊಂಟ ಸುತ್ತುವಳು. ಟೇಪು ಮಾತ್ರ ಹೋದ ವಾರ ಹೇಳಿದ್ದನ್ನೇ ಈ ವಾರವೂ ಹೇಳುತ್ತಿತ್ತು. ಗಾಳಿ ಕುಡಿದರೂ ನಿಮಗೆ ಮೈ ಹತ್ತುತ್ತದೆ ಎಂದು ಅಚ್ಚರಿಪಟ್ಟು, ತನ್ನ ತೂಗುವಿಕೆಯಲ್ಲೇ ಏನೋ ತಪ್ಪಿರಬೇಕೆಂದು ಬ್ರೆಡ್ಡಿನಲ್ಲಿ ಇನ್ನೊಂದು ಮೂಲೆ ಕತ್ತರಿಸುವಳು. ಅವಳು ಕತ್ತರಿಸಿದಷ್ಟೂ ಅವನು ಇಲಿಗಳ ಹತ್ತಿರ ಸಾಲ ಎತ್ತುವನು. ಸಾಕು ಕಣೆ, ನನಗೆ ಹಸಿವೆಯಾಗುತ್ತದೆ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಊಟ ಹಾಕಿ ಎದುರಿಗೆ ಕೂತು, ನಿನ್ನೆ ಏನು ಹಾಕಿದ್ದೆ ಹೇಳಿ ನೋಡೋಣ ಎಂದು ಕೇಳುವಾಗ, ಅವನು ಸರಿಯಾಗಿ ಹೇಳಿದ ಕೂಡಲೇ ಅವಳ ಮುಖ ಅರಳುತ್ತಿದ್ದ ರೀತಿಯೊಂದಿತ್ತು. ಅದನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ.

ಒಂಬತ್ತೂವರೆಗೆ ಕೊನೆಯ ಈಜು. ಕೊನೆಯದು ಎಂದು ಪುಟ್ಟ ಡಾಕ್ಟರ್ ಹೇಳಲಿಲ್ಲ, ಆದರೆ ತೊಟ್ಟಿಗೆ ಹಾಲಿನ ಪುಡಿ ಕಲಕುವಾಗ ಕೈ ನಿಧಾನವಾಗಿತ್ತು. ದುಂಡನೆಯ ತೊಟ್ಟಿ, ಬೆಳ್ಳಗೆ ಮಾಡಿದ ನೀರು, ನೀರಿನ ಅಡಿಯಲ್ಲಿ ಕಣ್ಣಿಗೆ ಕಾಣದ ಒಂದು ಪುಟ್ಟ ಮಣೆ. ಹಿಂದಿನ ದಿನಗಳಲ್ಲಿ ಮಣೆ ಎಲ್ಲಿತ್ತೆಂದು ನೆನಪಿರುವ ಇಲಿ ನೆಟ್ಟಗೆ ಅಲ್ಲಿಗೇ ಈಜಿ ಹತ್ತಿ ಕೂರುತ್ತದೆ, ನೆನಪಿಲ್ಲದ್ದು ಸುತ್ತುತ್ತದೆ. ಬಲಗೋಡೆಯ ಹತ್ತೊಂಬತ್ತನೆಯವಳನ್ನು ಇಲಿಯಪ್ಪ ಮೆಲ್ಲಗೆ ನೀರಿಗೆ ಬಿಟ್ಟ. ಅವಳು ಗೋಡೆ ಹಿಡಿದು ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು, ಮಣೆಯ ಪಕ್ಕದಲ್ಲೇ ಹಾದುಹೋದಳು, ಮೂರನೆಯ ಸುತ್ತಿನಲ್ಲಿ ಕಾಲಾಡಿಸುವುದನ್ನೇ ಬಿಟ್ಟು ತೇಲುತ್ತ ಅವನ ಮುಖ ನೋಡಿದಳು. ಹೊಟ್ಟೆ ತುಂಬಿದವಳಿಗೆ ಯಾವ ಅವಸರ. ಕಿಟಕಿ ಪಕ್ಕ ಜಾಗ ಸಿಕ್ಕಿದವಳ ಹಾಗಿದ್ದಳು. ಪಕ್ಕದಲ್ಲಿ ಪುಟ್ಟ ಡಾಕ್ಟರ್ ಸ್ಟಾಪ್‌ವಾಚ್ ಹಿಡಿದು, ತುಟಿ ಕಚ್ಚಿಕೊಂಡು, ತನ್ನಷ್ಟಕ್ಕೆ, ‘ನನ್ನ ಕೈಗುಣವೇ ಸರಿಯಿಲ್ಲ ಅಂಕಲ್’ ಎಂದಳು. ಅಷ್ಟು ಮೆಲ್ಲಗೆ ಹೇಳದಿದ್ದರೆ, ಅತ್ತಿದ್ದರೆ, ಸಿಟ್ಟು ಮಾಡಿದ್ದರೆ ಅವನು ಇನ್ನೂ ಒಂದು ದಿನ ತಳ್ಳಿಬಿಡುತ್ತಿದ್ದನೇನೋ. ಬಗ್ಗಿ ಇಲಿಯನ್ನು ಎತ್ತಿ ಟವೆಲ್ಲಿನಲ್ಲಿ ಸುತ್ತಿಕೊಂಡ.

‘ಡಾಕ್ಟ್ರೇ, ಎಡಗೋಡೆಯ ಉಳಿಕೆ ಇದೆಯಲ್ಲ, ಅದು ಸರಿಯಿಲ್ಲ. ನಾನು ತಿಂತಿದೀನಿ.’

ಅವಳು ಇವನು ಊಟದ ಡಬ್ಬಿ ಒಳಗೆ ತಂದು ತಿನ್ನುತ್ತಾನೆ ಎಂದುಕೊಂಡು, ಒಳಗೆ ತಿನ್ನಬಾರದು ಅಂತ ಬೋರ್ಡೇ ಇದೆಯಲ್ಲ ಅಂಕಲ್ ಎಂದಳು. ಊಟದ ಡಬ್ಬಿಯಲ್ಲ, ಇಲಿಗಳದ್ದು ಎಂದ. ಹೇಳುವಾಗ ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ, ಟವೆಲ್ಲಿನೊಳಗಿನ ಇಲಿಯ ಕಿವಿ ಒರೆಸುತ್ತ, ಪಂಜರಕ್ಕೊಂದು ತುಂಡಿನಂತೆ, ತೂಗುವ ಮೊದಲು, ಎಂಟು ತಿಂಗಳಿಂದ ಎಂದು ಕಂತುಕಂತಾಗಿ ಹೇಳಿದ. ಅವಳ ಕೈಯ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತವನಿಗೆ ಕೇಳಿಸಿದ್ದು ಪೆನ್ನಿನ ಸದ್ದು; ಬಿಳಿ ಹಲಗೆಯ ಮೇಲೆ ಅವಳು ಆಗಲೇ ಗುಣಿಸಿ ಭಾಗಿಸತೊಡಗಿದ್ದಳು. ಆರು ಹೋಗಿ ಏಳೂಮುಕ್ಕಾಲು ಬಂತು. ಅದರ ಕೆಳಗೆ ಎರಡು ಗೆರೆ ಎಳೆದು ತಿರುಗಿದಾಗ ಮುಖ ಬೆಳಗಿತ್ತು, ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆ ಎಂದಳು. ಆಮೇಲೆ ಆ ಬೆಳಕು ಇಳಿಯಿತು. ಇಳಿಯುವುದನ್ನು ಅವನು ನೋಡಿದ, ನೋಡಬೇಕಾದದ್ದೇ ಎಂದು ಪಟ್ಟುಹಿಡಿದು ನಿಂತು ನೋಡಿದ.

‘ನಿಮ್ಮನ್ನ ಬಯ್ಬೇಕು ಅಂಕಲ್. ಆಮೇಲೆ ಬಯ್ತೀನಿ. ಮೊದ್ಲು ಯಾವ ದಿನ ಎಷ್ಟು ತಿಂದ್ರಿ ಹೇಳಿ.’

ಎಲ್ಲ ದಿನವೂ ಒಂದೇ ಅಲ್ಲ, ಅದೇ ಗೋಜಲು. ದಿನದಿನದ ನಿಜವಾದ ಅಂಕಿ ಸಿಕ್ಕರೆ ಯಾವ ಇಲಿ ನಿಜಕ್ಕೂ ಎಷ್ಟು ತಿಂದಿದೆ ಎಂದು ಹೊಸದಾಗಿ ಲೆಕ್ಕ ಹಾಕಬಹುದು, ಮೂರು ವರ್ಷ ನೀರುಪಾಲಾಗುವುದಿಲ್ಲ. ಸಿಗದಿದ್ದರೆ, ಸುಮಾರು ಇಷ್ಟಿರಬಹುದು ಎನ್ನುವ ಮಾತಿಗೆ ದೊಡ್ಡ ಡಾಕ್ಟರು ಕವಡೆ ಕಿಮ್ಮತ್ತೂ ಕೊಡುವವರಲ್ಲ ಎಂದಳು. ಇಲಿಯಪ್ಪ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಎಂದರೆ ತೊಟ್ಟಿಯ ಬೆಳ್ಳಗಿನ ನೀರೇ, ಏನೂ ಕಾಣಲಿಲ್ಲ. ಆದರೆ ಲೆಕ್ಕಕ್ಕೊಂದು ಕ್ರಮವಿತ್ತು, ಅದು ಬಾಯಿಪಾಠವಾಗಿತ್ತು: ಹಿಂದಿನ ರಾತ್ರಿ ಮನೆಯಲ್ಲಿ ಹೆಂಡತಿ ಮೊಟ್ಟೆ ಹಾಕಿದ್ದರೆ ಆರೇ ಪಂಜರದಿಂದ, ಬ್ರೆಡ್ ಹಾಕಿದ್ದರೆ ಹನ್ನೆರಡರಿಂದಲೂ ಒಂದೊಂದು, ಬರೀ ಸೊಪ್ಪು ಬೇಯಿಸಿದ ನೀರು ಕೊಟ್ಟಿದ್ದರೆ ತಟ್ಟೆಯ ಪುಡಿಯನ್ನೂ ಬಿಟ್ಟದ್ದಿಲ್ಲ. ಯಾವ ರಾತ್ರಿ ಏನು ಹಾಕಿದ್ದರು ಎಂದು ಹೇಗೆ ಗೊತ್ತಾಗಬೇಕು ಎಂದು ಅವಳು ಕೇಳಿದಳು. ನನ್ನ ಹೆಂಡತಿ ಎಲ್ಲ ಬರೆದಿಡ್ತಾಳಲ್ಲ ಎಂದು ಹೇಳಿಯೇಬಿಟ್ಟ. ಹೇಳಿದ ಮೇಲೆ ಏನು ಹೇಳಿದೆನೆಂದು ಗೊತ್ತಾಯಿತು. ಗ್ರಾಹಕರ ಅಳತೆ ಬರೆಯುವ ಪುಸ್ತಕದಂಥದೇ ಒಂದು ಪುಸ್ತಕ ತಕ್ಕಡಿಯ ಪಕ್ಕದಲ್ಲಿರುತ್ತದೆ. ಅವನು ಅದನ್ನು ಒಂದು ದಿನವೂ ತೆರೆದು ನೋಡಿದವನಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಅವನು ಒಂದು ಒಳ್ಳೆಯ ಸುಳ್ಳು ಕಟ್ಟಿದ. ಸಂಶೋಧನೆಗೆ ಮನುಷ್ಯರ ಊಟದ ಲೆಕ್ಕವೂ ಬೇಕಂತೆ, ಸಂಜೆ ತಂದುಕೊಡುತ್ತೇನೆ. ಪುಸ್ತಕ ತರುವುದು, ಕೊಡುವುದು, ಯಾರಿಗೂ ಏನೂ ಆಗುವುದಿಲ್ಲ. ಈ ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ಹೆಂಡತಿ ಅದನ್ನು ಪೂರ್ತಿ ನಂಬಿದಳು. ನಂಬಿ, ಮೆಷಿನ್ನಿನಿಂದ ಎದ್ದು, ಕೈ ತೊಳೆದು, ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಪುಸ್ತಕವನ್ನು ಎದೆಗೆ ಅವುಚಿಕೊಂಡು ಹೊರಟು ನಿಂತಳು. ನನ್ನ ಅಕ್ಷರ ಅವರಿಗೆ ಅರ್ಥವಾಗಬೇಡವೇ, ನಾನೇ ಬಂದು ಓದಿ ಹೇಳುತ್ತೇನೆ ಎಂದಳು. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಅವಳು ಅವನ ಕೆಲಸದ ಜಾಗಕ್ಕೆ ಬರುತ್ತೇನೆ ಎಂದದ್ದು ಇದೇ ಮೊದಲು. ಬೇಡ ಎನ್ನಲು ಒಂದು ಕಾರಣವಾದರೂ ಸಿಗಬೇಕಲ್ಲ. ಬಸ್ಸಿನಲ್ಲಿ ಅವನ ತೋಳಿನ ತುದಿ ಹಿಡಿದುಕೊಂಡೇ ಕೂತಿದ್ದಳು, ಮರೆತ ದಿನದಿಂದ ಬಂದ ಅಭ್ಯಾಸ ಅದು. ಕನ್ನಡಿ ಅಂಗಡಿ ಬಂದಾಗ ಹೇಳುತ್ತೇನೆ ಎಂದುಕೊಂಡ, ಬಂತು, ಹೋಯಿತು. ಸೇತುವೆ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಪುಟ್ಟ ಡಾಕ್ಟರ್ ಮದುವೆಯಾದವಳೇ, ಅವಳು ಸರಿಯಾಗಿ ಊಟ ಮಾಡುತ್ತಾಳೆಯೇ ಎಂದು ಹೆಂಡತಿ ವಿಚಾರಿಸುತ್ತಿದ್ದಳು. ಅವನು ಹೂಂ ಹೂಂ ಎನ್ನುತ್ತ, ಇಳಿಯುವ ಜಾಗ ಬಂದಾಗ ಬೆವರಿಬಿಟ್ಟಿದ್ದ.

ಕೋಣೆಯ ಬಾಗಿಲಲ್ಲಿ ಪುಟ್ಟ ಡಾಕ್ಟರ್ ಓಡಿ ಬಂದು ಅವಳ ಕೈ ಹಿಡಿದುಕೊಂಡಳು. ಅವನು ಮನೆಗೆ ಹೋಗಿ ಎಲ್ಲ ಹೇಳಿಯೇ ಕರೆತಂದಿದ್ದಾನೆ ಎಂದು ಆ ಹುಡುಗಿ ನಂಬಿದ್ದರೆ ತಪ್ಪೇನು. ಪ್ರಾಮಾಣಿಕರಿಗೆ ಉಳಿದವರು ಹೇಗಿರುತ್ತಾರೆಂದು ಊಹಿಸಲಾಗುವುದಿಲ್ಲ. ನೀವು ಬಂದದ್ದು ದೊಡ್ಡ ಉಪಕಾರವಾಯಿತು ಆಂಟಿ, ಅಂಕಲ್ ಯಾವ ದಿನ ಎಷ್ಟು ಇಲಿ ತಿನಿಸು ತಿಂದಿದ್ದಾರೆ ಅಂತ ನಿಮ್ಮ ಪುಸ್ತಕದಿಂದಲೇ ಗೊತ್ತಾಗಬೇಕು ಎಂದಳು. ಹೆಂಡತಿ ನಗುತ್ತಲೇ ಇದ್ದಳು, ಆ ನಗು ಮುಖದ ಮೇಲೆ ಒಂದಷ್ಟು ಹೊತ್ತು ಹಾಗೇ ಉಳಿಯಿತು. ಎಡಗೋಡೆ ನೋಡಿದಳು. ತಟ್ಟೆಗಳನ್ನು ನೋಡಿದಳು. ಒಂದು ತುಂಡನ್ನು ಎತ್ತಿ, ಬಟ್ಟೆಯ ನೇಯ್ಗೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿ, ವಾಪಸು ಇಟ್ಟಳು. ಆಮೇಲೆ ಅವನ ಸೊಂಟ ನೋಡಿದಳು. ಇಲಿಯಪ್ಪನಿಗೆ ಇಪ್ಪತ್ತನಾಲ್ಕು ಇಲಿಗಳೂ ಎದ್ದು ಕೂತು ತನ್ನನ್ನೇ ನೋಡುತ್ತಿವೆ ಅನಿಸಿತು. ಒಂದೂ ನೋಡುತ್ತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಪುಸ್ತಕ ಬಿಡಿಸಿ ಪುಟ್ಟ ಡಾಕ್ಟರಳ ಮುಂದೆ ಇಟ್ಟಳು.

ಹುಡುಗಿ ಓದತೊಡಗಿ, ಎರಡನೆಯ ಪುಟದಲ್ಲಿ ನಿಲ್ಲಿಸಿದಳು. ಪ್ರತಿ ದಿನಕ್ಕೂ ಇಲ್ಲಿ ಎರಡು ಸಾಲು ಅಂಕಿಗಳಿವೆಯಲ್ಲ ಆಂಟಿ, ಇದು ಅಂಕಲ್ದು, ಇದು ಯಾರದು ಎಂದು ಕೇಳಿದಳು. ‘ಅದು ನಂದು’ ಎಂದಳು ಹೆಂಡತಿ. ಇಲಿಯಪ್ಪ ಬಗ್ಗಿ ನೋಡಿದ. ಅವನ ಬ್ರೆಡ್ಡು ಅರವತ್ತು ಗ್ರಾಂ ಇದ್ದ ದಿನ ಅವಳದ್ದೂ ಅರವತ್ತು. ಅವನ ಮೂಲೆ ಕತ್ತರಿಸಿದ ದಿನ ಅವಳದ್ದರ ಮೂಲೆಯೂ ಹೋಗಿತ್ತು. ಸೊಪ್ಪಿನ ನೀರಿನ ದಿನ ಅವಳೂ ಸೊಪ್ಪಿನ ನೀರು ಕುಡಿದು ಇಡೀ ದಿನ ಮೆಷಿನ್ನು ತುಳಿದಿದ್ದಳು. ವಾರಕ್ಕೊಮ್ಮೆ ಎರಡು ಸೊಂಟದ ಅಳತೆ. ಅವನದ್ದು ಕಲ್ಲು ಕೂತ ಹಾಗೆ ಒಂದೇ ಅಂಕಿ, ಅವಳದ್ದು ಇಳಿಯುತ್ತ ಇಳಿಯುತ್ತ ಪುಟದ ಕೆಳಗೆ ಹೋಗಿತ್ತು. ಅವನು ಕತ್ತೆತ್ತಿ ಅವಳನ್ನು ನೋಡಿದ. ಕೊರಳ ಎಲುಬು ಎದ್ದಿತ್ತು, ಮುಂಗೈಯ ಬಳೆ ಮೊಳಕೈವರೆಗೆ ಜಾರುವಂತಿತ್ತು, ತೋಳಿನ ಹೊಲಿಗೆಯನ್ನು ಎರಡು ಸಲ ಬಿಗಿ ಮಾಡಿದ ಗುರುತಿತ್ತು. ಇದೆಲ್ಲ ಎಂದು ಆಯಿತು. ದಿನಾ ಎದುರಿಗೆ ಕೂರುವವಳು ಇವಳೇ ತಾನೆ. ಒಂದೊಂದು ಇಲಿಯ ತೂಕ ಎರಡು ಗ್ರಾಂ ಇಳಿದರೂ ಕೈಯಲ್ಲಿ ಎತ್ತಿದ ಕೂಡಲೇ ಹೇಳಬಲ್ಲೆ ಎಂದು ಈ ಕಟ್ಟಡದಲ್ಲೆಲ್ಲ ಕೊಚ್ಚಿಕೊಂಡವನಿಗೆ ನಾಚಿಕೆಯಿಂದ ಕಿವಿ ಸುಡತೊಡಗಿತು.

ಯಾಕೆ ನೀನೂ, ಮರೆವು ಬಂದದ್ದು ನನಗೆ ತಾನೆ, ಎಂದು ಕೇಳಿದ.

‘ನೀವು ಮರೆತುಬಿಟ್ರೆ ನಾನು ಇಬ್ರಿಗೂ ಸೇರಿಸಿ ನೆನಪಿಟ್ಕೋಬೇಕಲ್ರೀ. ಅದಕ್ಕೆ’ ಎಂದಳು, ಪುಸ್ತಕದಿಂದ ಕಣ್ಣೆತ್ತದೆ.

ಪುಟ್ಟ ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಇಲಿಯಪ್ಪನಿಗೆ ಅಲ್ಲೇ ಕುಸಿದು ಅಳಬೇಕೆನಿಸಿತು, ಆದರೆ ಅದಕ್ಕೂ ಪುರಸೊತ್ತು ಕೊಡದೆ ಹೆಂಡತಿ ಬೆರಳಿಂದ ಸಾಲು ತೋರಿಸುತ್ತ ಓದತೊಡಗಿದ್ದಳು: ಹನ್ನೆರಡನೇ ತಾರೀಕು ಮೊಟ್ಟೆ, ಹದಿಮೂರು ಬ್ರೆಡ್ಡು, ಹದಿನಾಲ್ಕು ಸೊಪ್ಪು. ಪುಸ್ತಕದಲ್ಲಿ ಇಲ್ಲದ್ದೂ ಅವಳಿಗೆ ಗೊತ್ತಿತ್ತು. ಇಪ್ಪತ್ತೊಂದನೇ ತಾರೀಕು ಬ್ರೆಡ್ಡು ಹಾಕಿದ್ದೆ, ಆದರೆ ಮಾರನೇ ದಿನ ಬೆಳಿಗ್ಗೆ ಇವರಿಗೆ ಹಲ್ಲುನೋವು, ಅವತ್ತು ಇವರೇನೂ ತಿಂದಿರಲಾರರು ನೋಡಿ ಎಂದಳು. ಆ ವಾರ ಇವರ ಜೇಬಲ್ಲಿ ಏನೋ ಪುಡಿ ಸಿಕ್ಕಿತ್ತು, ಪಂಜರದ ಧೂಳು ಅಂದರು, ಆ ವಾರಕ್ಕೆ ಒಂದೊಂದು ಹೆಚ್ಚಿಗೆ ಹಾಕಿಕೊಳ್ಳಿ ಎಂದಳು. ಎಂಟು ತಿಂಗಳನ್ನು ಅವಳು ದಾರ ಬಿಚ್ಚಿದ ಹಾಗೆ ಬಿಚ್ಚಿಟ್ಟಳು; ಬಿಳಿ ಹಲಗೆ ತುಂಬಿ, ಅಳಿಸಿ, ಮತ್ತೆ ತುಂಬಿತು. ಒಂದು ಹಂತದಲ್ಲಿ ಪುಟ್ಟ ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ, ಅರ್ಧ ಗೌರವದಿಂದ ಅರ್ಧ ಆಸೆಯಿಂದ ಅವಳನ್ನು ನೋಡಿದಳು. ಇಂಥದೊಂದು ಇಲಿಯಾದರೂ ನನಗೆ ಬೇಕಿತ್ತು ಎನ್ನುವ ಭಾವ ಆ ಮುಖದಲ್ಲಿ ಸ್ಪಷ್ಟವಾಗಿತ್ತು.

ನಾಲ್ಕು ಗಂಟೆಗೆ ಮೂವರೂ ದೊಡ್ಡ ಡಾಕ್ಟರ ಮುಂದೆ ನಿಂತರು. ಇಲಿಯಪ್ಪ ತಾನೇ ಮಾತಾಡುತ್ತೇನೆಂದು ಹಟ ಹಿಡಿದು ಮಾತಾಡಿದ, ಎಲ್ಲಿಯೂ ಹಾಲಿನ ಪುಡಿ ಬೆರೆಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಈ ಹುಡುಗಿಯ ಕೈಯಲ್ಲಿ ಒಂದು ಸಾಸಿವೆಯಷ್ಟೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದ. ದೊಡ್ಡ ಡಾಕ್ಟರು ಪುಸ್ತಕವನ್ನೂ ಚೀಟಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಅರ್ಧ ಗಂಟೆ ನೋಡಿದರು. ನಗಲಿಲ್ಲ, ಕಿರುಚಲಿಲ್ಲ. ಮುಚ್ಚುವುದು ಬೇಡ, ಇನ್ನು ಆರು ತಿಂಗಳು ನಿಜವಾದ ಆರು ಪಾಲು ಹಾಕಿ ನಡೆಸು, ಇದುವರೆಗಿನದನ್ನು ಎಂಟು ಪಾಲು ಎಂದೇ ಬರೆದು ಹೋಲಿಸು, ಹೀಗಾಯಿತೆಂದು ಮುಚ್ಚುಮರೆಯಿಲ್ಲದೆ ಅದರಲ್ಲೇ ಬರಿ ಎಂದು ಹುಡುಗಿಗೆ ಹೇಳಿದರು. ಇಲಿಯಪ್ಪ ಇವತ್ತಿನಿಂದ ತಿನಿಸಿನ ಕೋಣೆಯ ಬೀಗದ ಕೈ ಒಪ್ಪಿಸಬೇಕು, ನಿವೃತ್ತಿಯವರೆಗೆ ನೆಲ ಒರೆಸುವುದು ಮಾತ್ರ. ಅವನು ಬೀಗದ ಕೈ ಮೇಜಿನ ಮೇಲಿಟ್ಟ. ಮೂವತ್ತೊಂದು ವರ್ಷ ಸೊಂಟದಲ್ಲಿದ್ದದ್ದು, ಆ ಜಾಗ ಬೋಳಾಗಿ ನೋವಾಯಿತು. ಹೊರಡುವಾಗ ದೊಡ್ಡ ಡಾಕ್ಟರು ಕರೆದು, ಹಿಂದೆಮುಂದೆ ನೋಡಿ, ಇಪ್ಪತ್ತು ವರ್ಷದಿಂದ ಈ ತಿನಿಸು ತರಿಸುತ್ತಿದ್ದೇನೆ, ರುಚಿ ಹೇಗಿರುತ್ತದೆ ಎಂದು ಕೇಳಿದರು. ಚಹಾ ಇದ್ದರೆ ಪರವಾಗಿಲ್ಲ ಮೇಡಂ ಎಂದ.

ಪುಟ್ಟ ಡಾಕ್ಟರ್ ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ ಮಾತು ಕೊಟ್ಟಂತೆ ಬಯ್ದಳು, ಚೆನ್ನಾಗಿಯೇ ಬಯ್ದಳು, ಬಯ್ದು ಮುಗಿಸಿ ಆಂಟಿಯ ಕೈಗೆ ಪುಸ್ತಕ ಕೊಟ್ಟು ಇಲಿಗಳ ಕಡೆ ಓಡಿದಳು. ಗಂಡಹೆಂಡತಿ ಕೆಳಗಿನ ಕ್ಯಾಂಟೀನಿಗೆ ಇಳಿದರು. ಯಾರು ಕರೆದರು ಯಾರು ಬಂದರು ಎಂದು ಹೇಳುವ ಹಾಗಿರಲಿಲ್ಲ, ಕಾಲು ಹೋದವು. ಅವನು ಹೋಗಿ ಬೆಣ್ಣೆ ಹಚ್ಚಿದ ಎರಡು ಬನ್ನು, ಎರಡು ಮೊಟ್ಟೆ, ಒಂದು ಲೋಟ ಹಾಲು ತಂದು ಅವಳ ಮುಂದೆ ಇಟ್ಟ, ತನಗೆ ಏನೂ ತಂದುಕೊಳ್ಳಲಿಲ್ಲ. ಅವಳು ಒಮ್ಮೆ ತಟ್ಟೆ ನೋಡಿ, ಒಮ್ಮೆ ಅವನನ್ನು ನೋಡಿ, ತಿನ್ನತೊಡಗಿದಳು. ಮೊದಲು ಬನ್ನಿನ ಸುತ್ತಲಿನ ಗಟ್ಟಿ ಅಂಚನ್ನು ಮುರಿದು ಮುರಿದು ತಿಂದಳು, ಬೆಣ್ಣೆ ಇಳಿದ ಮೆತ್ತನೆಯ ನಡುಭಾಗವನ್ನು ಕೊನೆಗೆಂದು ಉಳಿಸಿಕೊಂಡಳು. ಅದು ಅವಳ ರೀತಿಯೆಂದು ಅವನಿಗೆ ಗೊತ್ತಿರಲಿಲ್ಲ. ಹಾಲು ಕುಡಿಯುವಾಗ ಕಣ್ಣು ಮುಚ್ಚುತ್ತಾಳೆ. ಮೊಟ್ಟೆಗೆ ಉಪ್ಪು ಹಾಕುವ ಮೊದಲು ಒಂದು ಸಲ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಎರಡನೆಯ ಬನ್ನಿನ ಕೊನೆಯ ತುಂಡು ಬಾಯಿಗೆ ಹೋದಾಗ ಅವಳು ಕತ್ತೆತ್ತಿದಳು.

‘ಏನ್ರೀ ಹಾಗೆ ನೋಡ್ತಿದೀರಾ?’

‘ನೆನಪಿಟ್ಕೋತಿದೀನಿ’ ಎಂದ ಅವನು.

ಅವಳು ಜಗಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ಬಾಯಿಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ಖಾಲಿ ತಟ್ಟೆಯನ್ನು ಅವನ ಕಡೆ ತಳ್ಳಿ, ಇನ್ನೊಂದು ಬನ್ನು ತರಲು ಹೇಳಿದಳು.